ಪಡಿಯರನ ಕುಲಮೂಲ

ಕೆಂಭಾವಿಯ ಹುಡುಗರಿಗೆ ಬೌನ್ಸರ್ ಎಂದರೆ ಮೊದಲಿಗೆ ಚೆಂಡು. ಪಿಚ್ಚಿನ ನಡುವೆ ಬಿದ್ದು ಕಿವಿಯ ಪಕ್ಕಕ್ಕೆ ಏಳುವ ಚೆಂಡು. ಅಂಗಡಿ ಇಟ್ಟವರಿಗೆ ಬೌನ್ಸ್ ಆಗುವುದು ಚೆಕ್ಕು. ಮನುಷ್ಯನೊಬ್ಬ ಬೌನ್ಸರ್ ಆಗಬಲ್ಲ ಎಂಬುದು ತಿಳಿಯುವುದು ಬೆಂಗಳೂರಿಗೆ ದುಡಿಯಲು ಹೋದ ಮೇಲೆ, ಇಲ್ಲವೇ ಸಿನಿಮಾ ನಟನೊಬ್ಬ ಈ ಕಡೆ ಬಂದಾಗ ಅವನ ಸುತ್ತ ಕಪ್ಪು ಟೀ ಶರ್ಟು ತೊಟ್ಟು ಜನರನ್ನು ಮೊಣಕೈಯಿಂದ ಸರಿಸುವವರನ್ನು ಕಂಡ ಮೇಲೆ. ಸುರಪುರ, ಶಹಾಪುರದ ಹಳ್ಳಿಗಳಿಂದ ಗುಳೆ ಹೋದವರಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾರೆ. ಕೆಲವರಿಗೆ ಗೇಟಿನ ಕೆಲಸ ಸಿಗುತ್ತದೆ. ಅದರಲ್ಲೂ ಮೈಕಟ್ಟು ಇದ್ದವನಿಗೆ ಈ ಇಂಗ್ಲಿಷ್ ಹೆಸರು.

ಚೆಂಡು, ಚೆಕ್ಕು, ಆಳು ಮೂರಕ್ಕೂ ಒಂದೇ ಹೆಸರು ಬಂದದ್ದು ಹೇಗೆ? ಬೌನ್ಸ್ ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿ ಹದಿಮೂರನೆಯ ಶತಮಾನದಿಂದ ಇದೆ. ಆಗ ಅದರ ರೂಪ ಬುನ್ಸೆನ್, ಅರ್ಥ ‘ಗುದ್ದು, ಬಡಿ’. ಪುಟಿಯುವ ಅರ್ಥ ಆಮೇಲಿನದು. ಗುದ್ದಿದಾಗ ಆಗುವ ಸದ್ದಿನಿಂದಲೇ ಹುಟ್ಟಿದ ಮಾತು ಎನ್ನುವವರಿದ್ದಾರೆ; ಡಚ್ ಭಾಷೆಯಲ್ಲೂ ಗುದ್ದುವುದಕ್ಕೆ ಬೊನ್ಜೆನ್ ಎಂಬ ಮಾತುಂಟು. ಗುದ್ದಿದ್ದು ಸದ್ದಾಯಿತು, ಸದ್ದು ಮಾಡಿ ಹಾರಿದ್ದು ಪುಟಿತವಾಯಿತು. ಅಲ್ಲಿಂದ ಬೌನ್ಸರ್ ಎಂದರೆ ಜಂಬದವ, ದಬಾಯಿಸುವವ, ಕೊನೆಗೆ ದೊಡ್ಡ ಸುಳ್ಳು ಎಂಬ ಅರ್ಥಗಳೂ ಬಂದು ಹೋದವು.

ಬಾಗಿಲಿನ ಆಳಿಗೆ ಆ ಹೆಸರು ಅಂಟಿದ್ದು ಅಮೆರಿಕದಲ್ಲಿ. ಅದನ್ನು ಹುಡುಕಿದವರು ಸಾಮಾನ್ಯವಾಗಿ ತೋರಿಸುವ ಪುಸ್ತಕ ಹೊರೇಷಿಯೊ ಆಲ್ಜರ್ ಎಂಬಾತ ಹುಡುಗರಿಗಾಗಿ ಬರೆದ ‘ದಿ ಯಂಗ್ ಔಟ್‌ಲಾ’, 1875ರದು. ಅದರ ಹದಿನಾಲ್ಕನೆಯ ಅಧ್ಯಾಯದ ಹೆಸರೇ ‘ಬೌನ್ಸ್ಡ್’. ಸ್ಯಾಮ್ ಎಂಬ ಹುಡುಗ ಖಾನಾವಳಿಯಲ್ಲಿ ಹೊಟ್ಟೆ ತುಂಬ ತಿಂದು, ಜೇಬಿನಲ್ಲಿ ದುಡ್ಡಿಲ್ಲ ಎನ್ನುತ್ತಾನೆ. ಇವನನ್ನು ಬೌನ್ಸ್ ಮಾಡು ಎಂದು ಒಡೆಯ ಮಾಣಿಗೆ ಹೇಳುತ್ತಾನೆ. ಮಾಣಿ ಹುಡುಗನ ಕಾಲರ್ ಹಿಡಿದು ಬಾಗಿಲ ತನಕ ನೂಕಿ, ಒಂದು ಒದೆ ಕೊಟ್ಟು ಬೀದಿಗೆ ಬೀಳಿಸುತ್ತಾನೆ. ಆ ಮಾತಿನ ಅರ್ಥ ಸ್ಯಾಮ್‌ಗೆ ಗೊತ್ತಿರಲಿಲ್ಲವಾದರೆ ಬೇಗನೆ ಗೊತ್ತಾಯಿತು ಎಂದು ಕತೆಗಾರ ತಮಾಷೆ ಮಾಡುತ್ತಾನೆ. ನಿಘಂಟುಕಾರರಿಗೆ ಇಂಥ ಸಾಲು ಸಿಕ್ಕರೆ ಹಬ್ಬ. ಒಂದು ಮಾತಿಗೆ ವಿವರಣೆ ಬೇಕಿದೆ ಎಂದು ಬರೆದವನಿಗೇ ಅನ್ನಿಸಿದೆ ಎಂದರೆ ಅದು ಆಗಷ್ಟೇ ಬೀದಿಯಿಂದ ಪುಸ್ತಕದೊಳಗೆ ಬರುತ್ತಿದೆ ಎಂದು ಅರ್ಥ. 1883ರಲ್ಲಿ ಲಂಡನ್ನಿನ ಡೇಲಿ ನ್ಯೂಸ್ ಪತ್ರಿಕೆ ಕೂಡ, ನಮ್ಮಲ್ಲಿ ‘ಹೊರಗೆಸೆಯುವವನು’ ಅನ್ನುತ್ತೇವಲ್ಲ, ಅವನೇ ಈ ಬೌನ್ಸರ್ ಎಂದು ತನ್ನ ಓದುಗರಿಗೆ ಬಿಡಿಸಿ ಹೇಳಬೇಕಾಯಿತು.

ಇಷ್ಟು ಓದಿದಾಗ ನನಗೆ ನೆನಪಾದದ್ದು ಪಂಪ.

ಹತ್ತನೆಯ ತರಗತಿಯ ಪಠ್ಯದಲ್ಲಿ ‘ಕೆಮ್ಮನೆ ಮೀಸೆವೊತ್ತೆನೇ’ ಓದಿದವರಿಗೆ ಸನ್ನಿವೇಶ ಗೊತ್ತು. ಬಡತನದಲ್ಲಿ ನವೆದ ದ್ರೋಣ ಮಗನನ್ನು ಕರೆದುಕೊಂಡು ಛತ್ರಾವತಿಗೆ ಬಂದು ದ್ರುಪದನ ಅರಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಬಾಗಿಲವನನ್ನು ಕರೆದು, ನಿಮ್ಮ ಅರಸನ ಜೊತೆ ಆಡಿ ಬೆಳೆದ ಗೆಳೆಯ ಬಂದಿದ್ದಾನೆಂದು ತಿಳಿಸು ಅನ್ನುತ್ತಾನೆ. ಒಳಗಿನಿಂದ ಬಂದ ಉತ್ತರ: ದ್ರೋಣ ಅಂದರೆ ಯಾರು? ಬಾಗಿಲವನು ಅದನ್ನು ಹಾಗೆಯೇ ತಂದು ಒಪ್ಪಿಸುತ್ತಾನೆ. ದ್ರೋಣ ಬಲವಂತವಾಗಿ ಒಳನುಗ್ಗುತ್ತಾನೆ. ಕೊನೆಗೆ ದ್ರುಪದ ಕೊಡುವ ಅಪ್ಪಣೆ, ಇವನನ್ನು ಎಳೆದು ಹೊರಗೆ ಹಾಕಿ. ಜೇಬಿನಲ್ಲಿ ಕಾಸಿಲ್ಲದವನೊಬ್ಬ, ಒಳಗೆ ಕೂತ ಒಡೆಯನೊಬ್ಬ, ನಡುವೆ ಬಾಗಿಲ ಆಳು. ಪಂಪ ಇದನ್ನು ಬರೆದದ್ದು 941ರ ಹೊತ್ತಿಗೆ, ರಾಷ್ಟ್ರಕೂಟರ ಸಾಮಂತನಾಗಿದ್ದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಆಲ್ಜರನ ಸ್ಯಾಮ್ ಬೀದಿಗೆ ಬೀಳುವುದಕ್ಕೆ ಒಂಬೈನೂರು ವರ್ಷಕ್ಕೂ ಹಿಂದೆ.

ಪಂಪ ಆ ಆಳನ್ನು ದ್ವಾರಪಾಲಕ ಅನ್ನಲಿಲ್ಲ. ಅವನ ಮಾತು ‘ಪಡಿಯರ’.

ಇವತ್ತು ನಮ್ಮ ಕಡೆ ಈ ಮಾತು ಯಾರ ಬಾಯಲ್ಲೂ ಇಲ್ಲ. ಊರ ಬಾಗಿಲಿಗೆ ಅಗಸಿ ಅನ್ನುತ್ತೇವೆ, ದೊಡ್ಡ ಕದದೊಳಗಿನ ಸಣ್ಣ ಬಾಗಿಲಿಗೆ ದಿಡ್ಡಿ. ಕಾಯುವವರ ಹೆಸರುಗಳು ಈಗ ಅಡ್ಡಹೆಸರುಗಳಾಗಿ ಉಳಿದಿವೆ: ತಳವಾರ, ವಾಲೀಕಾರ. ನಿಜಾಮರ ಆಳ್ವಿಕೆ ಕೊಟ್ಟು ಹೋದದ್ದು ದರವಾಜ, ದರ್ಬಾನ, ಚಪರಾಸಿ. ಫಾರಸಿಯ ‘ದರ್’, ಸಂಸ್ಕೃತದ ‘ದ್ವಾರ’, ಇಂಗ್ಲಿಷಿನ ‘ಡೋರ್’ ಮೂರೂ ಒಂದೇ ಬುಡದವು, ಅದು ಭಾಷಾಶಾಸ್ತ್ರದ ಹಳೆಯ ಪಾಠ. ಆದರೆ ಪಡಿಯರ ಎಲ್ಲಿಂದ ಬಂದ?

ಇಲ್ಲಿ ಎಡವುವುದು ಸುಲಭ. ಹಳಗನ್ನಡದಲ್ಲಿ ‘ಪಡಿ’ ಎಂದರೆ ಕದ. ಕದ ತೆರೆಯುವುದಕ್ಕೆ ‘ಪಡಿದೆರೆ’ ಎಂಬ ಕ್ರಿಯಾಪದವೇ ಇದೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಹಳೆಯ ಮನೆಗಳ ಅಂಗಳದ ಮುಂದೆ ಮಾಡು ಹಾಕಿದ ಬಾಗಿಲುಮನೆಗೆ ‘ಪಡಿಪ್ಪುರ’ ಅನ್ನುತ್ತಾರೆ. ಹೀಗಿರುವಾಗ ಪಡಿಯ ಬಳಿ ನಿಂತವನು ಪಡಿಯರ, ಅಚ್ಚ ದ್ರಾವಿಡ ಮಾತು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಂಗ್ಲಿಷಿನಲ್ಲೂ ಇಂಥದೇ ಒಂದು ಗುಂಡಿ ಇದೆ. ಯಾದಗಿರಿ, ವಾಡಿ ರೈಲು ನಿಲ್ದಾಣಗಳಲ್ಲಿ ಪೋರ್ಟರ್ ಎಂದರೆ ಹಮಾಲ, ಹೊರೆ ಹೊರುವವ. ಹೋಟೆಲಿನ ಬಾಗಿಲಲ್ಲಿ ನಿಂತವನೂ ಇಂಗ್ಲಿಷರಿಗೆ ಪೋರ್ಟರೇ. ಮೊದಲನೆಯವನು ಬಂದದ್ದು ಲ್ಯಾಟಿನ್ನಿನ ‘ಹೊರು’ ಎಂಬ ಧಾತುವಿನಿಂದ, ಎರಡನೆಯವನು ‘ಪೋರ್ಟ’ ಎಂಬ ಬಾಗಿಲಿನಿಂದ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಇಬ್ಬರ ಮುಖವೂ ಒಂದೇ ಆಗಿಬಿಟ್ಟಿತು. ಹೆಸರು ಒಂದೇ ಎಂದ ಮಾತ್ರಕ್ಕೆ ಮನೆತನ ಒಂದೇ ಆಗಬೇಕಿಲ್ಲ.

ಪಡಿಯರನ ಕುಲ ಹೇಳುವ ಕೀಲಿ ಕೇಶಿರಾಜನ ಕೈಯಲ್ಲಿತ್ತು. ಅವನು ಸುಮಾರು 1260ರಲ್ಲಿ ಬರೆದ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಒಂದು ಪೂರ್ತಿ ಅಪಭ್ರಂಶಕ್ಕೇ ಮೀಸಲು. ಸಂಸ್ಕೃತದ ಮಾತು ಕನ್ನಡಿಗರ ಬಾಯಲ್ಲಿ ಹೇಗೆ ತಿರುಗುತ್ತದೆ, ಯಾವ ಅಕ್ಷರದ ಜಾಗಕ್ಕೆ ಯಾವುದು ಬರುತ್ತದೆ ಎಂಬ ಲೆಕ್ಕ ಅದು. ಕೆಂಭಾವಿಯವರು ಈ ಪ್ರಕರಣ ತೆರೆದರೆ ಮೊದಲು ತಮ್ಮ ಊರನ್ನೇ ಕಾಣಬಹುದು. ಸಂಸ್ಕೃತದ ‘ವಾಪಿ’ ಕನ್ನಡದಲ್ಲಿ ‘ಬಾವಿ’: ವಕಾರ ಬಕಾರವಾಯಿತು, ಪಕಾರ ವಕಾರವಾಯಿತು. ಊರಿನ ಹೆಸರನ್ನು ಕೆಂಪು ಬಾವಿ ಎಂದೇ ಎಲ್ಲರೂ ಬಿಡಿಸುವುದು. ಬಾವಿಗೆ ಮಹಾಪ್ರಾಣ ಕೊಟ್ಟು ಭಾವಿ ಎಂದು ಬರೆಯುವುದು ನಮ್ಮ ಕಡೆಯ ಧಾರಾಳ.

ಅದೇ ಲೆಕ್ಕದಲ್ಲಿ ‘ಪ್ರತಿ’ ಎಂಬುದು ‘ಪಡಿ’ ಆಗುತ್ತದೆ. ಪ್ರತಿಮೆ ಪಡಿಮೆ, ಪ್ರತಿಚ್ಛಂದ ಪಡಿಚಂದ. ಈಗಲೂ ನಾವು ಪಡಿಯಚ್ಚು, ಪಡಿನೆಳಲು, ಪಡಿಮೂಡು ಅನ್ನುವಾಗ ನಾಲಗೆ ಇದೇ ನಿಯಮವನ್ನು ಪಾಲಿಸುತ್ತಿರುತ್ತದೆ. ಹಾಗಾದರೆ ಪಡಿಯರನ ಹಿಂದೆ ಇರುವವನು ‘ಪ್ರತಿಹಾರ’. ನಡುವಿನ ಮೆಟ್ಟಿಲೂ ಸಿಗುತ್ತದೆ. ಕನ್ನಡದಲ್ಲೇ ಪಡಿಹಾರ, ಪಡಿಹಾರಿ ಎಂಬ ರೂಪಗಳಿವೆ, ಪ್ರಾಕೃತದಲ್ಲಿ ಪಡಿಹಾರ ಇದೆ. ಕದ ಎಂಬ ಪಡಿಯಿಂದ ಹುಟ್ಟಿದ್ದರೆ ಆ ಹಕಾರಕ್ಕೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಒಂದು ಸಣ್ಣ ಹಕಾರ ಇಡೀ ವ್ಯಾಜ್ಯ ತೀರಿಸಿತು. ಬಾಸೆಲ್ ಮಿಷನ್ನಿನ ಕಿಟೆಲ್ 1872ರಲ್ಲಿ ಕೇಶಿರಾಜನ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದ. 1894ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದಾಗ ಇಂಥ ನೂರಾರು ತದ್ಭವಗಳಿಗೆ ಅವನು ತೋರಿಸಿದ ಮೂಲಗಳ ಹಿಂದೆ ಕೇಶಿರಾಜನ ಅದೇ ಲೆಕ್ಕವಿತ್ತು.

‘ಪ್ರತಿ’ ಒಮ್ಮೆಲೇ ‘ಪಡಿ’ ಆಗಲಿಲ್ಲ. ನಡುವೆ ‘ಪಟಿ’ ಎಂಬ ಘಟ್ಟವಿತ್ತು. ಅದಕ್ಕೆ ಸಾಕ್ಷಿ ನಮ್ಮ ಹಿತ್ತಲಿನ ಹತ್ತಿರವೇ ಸಿಕ್ಕಿದೆ ಎಂಬುದು ನನಗೆ ಈ ಕತೆಯಲ್ಲೇ ಹೆಚ್ಚು ಇಷ್ಟವಾದ ಭಾಗ. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದುಬಿತ್ತು. ಮೂರ್ತಿ ಒಡೆಯಿತು. ಅದರ ಪೀಠವಾಗಿದ್ದ ಕಲ್ಲನ್ನು ಎತ್ತಿ ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನದ ಹಲಗೆಯನ್ನು ಯಾರೋ ಎಂದೋ ನಡುವೆ ತೂತು ಕೊರೆದು ದೇವಿಯ ಕಾಲಡಿಗೆ ಇಟ್ಟಿದ್ದರು. ಅದರಲ್ಲಿದ್ದ ನಾಲ್ಕು ಶಾಸನಗಳ ಪೈಕಿ ಎರಡು, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳ ಪಾಠ. ಧೌಲಿಯ ಬಂಡೆಯಲ್ಲಿ ಆ ಪಾಠದ ಆರಂಭದಲ್ಲೇ, ಸಂಸ್ಕೃತದಲ್ಲಾದರೆ ‘ಪ್ರತಿ’ ಎಂದು ಬರಬೇಕಾದ ಕಡೆ ‘ಪಟಿಪಾದಯೇಹಂ’ ಎಂದಿದೆ. ಅದರ ಬೆನ್ನಿಗೇ ಬರುವ ಮಾತು ‘ದುವಾಲತೇ’. ದ್ವಾರದ ಮೂಲಕ, ಅಂದರೆ ತಕ್ಕ ಉಪಾಯದಿಂದ ಎಂದು ಅರ್ಥ. ಕೆಲಸ ಮಾಡಿಸಬೇಕಾದರೆ ಬಾಗಿಲು ಹಿಡಿಯಬೇಕು ಎಂಬುದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಆಡಳಿತಕ್ಕೂ ಗೊತ್ತಿತ್ತು! ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ ಪ್ರಾಕೃತ ವ್ಯಾಕರಣ ಬರೆದ ಹೇಮಚಂದ್ರ ಈ ತಕಾರ ಡಕಾರವಾಗುವುದಕ್ಕೆ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ಪ್ರತಿ, ಪಟಿ, ಪಡಿ. ಪಂಪನಂಥ ಜೈನ ಕವಿಗಳಿಗೆ ಪ್ರಾಕೃತ ಮನೆಯ ಭಾಷೆಯಷ್ಟೇ ಹತ್ತಿರ. ಪಡಿಯರ ಅವರ ಕಾವ್ಯಕ್ಕೆ ಬಂದದ್ದು ಆ ದಾರಿಯಲ್ಲಿ.

ಪ್ರತಿಹಾರ ಎಂದರೇನು? ಸಂಸ್ಕೃತದಲ್ಲಿ ಅದು ಬಾಗಿಲೂ ಹೌದು, ಬಾಗಿಲ ಆಳೂ ಹೌದು. ಸಾಮವೇದದ ಗಾಯನದಲ್ಲಿ ಸಾಮದ ಒಂದು ಭಾಗಕ್ಕೂ ಅದೇ ಹೆಸರು, ಅದನ್ನು ಹಾಡುವ ಋತ್ವಿಜ ಪ್ರತಿಹರ್ತೃ. ಧಾತುವನ್ನು ಬಿಡಿಸಿದರೆ ಪ್ರತಿ ಮತ್ತು ಹೃ: ಹಿಂದಕ್ಕೆ ಒಯ್ಯು, ಹಿಮ್ಮೆಟ್ಟಿಸು, ತಳ್ಳು. ನಾನು ಇದನ್ನು ನಿಘಂಟಿನ ಕಸರತ್ತು ಎಂದುಕೊಂಡು ಪಕ್ಕಕ್ಕಿಡುತ್ತಿದ್ದೆನೇನೋ, ಒಬ್ಬ ಚಕ್ರವರ್ತಿ ಅದನ್ನೇ ಕಲ್ಲಿನಲ್ಲಿ ಕೆತ್ತಿಸದೆ ಇದ್ದಿದ್ದರೆ.

ಗ್ವಾಲಿಯರಿನ ಸಾಗರತಾಲ್‌ನಲ್ಲಿ ದೊರೆತ ಪ್ರಶಸ್ತಿ, ಒಂಬತ್ತನೆಯ ಶತಮಾನದಲ್ಲಿ ಕನೌಜಿನಿಂದ ಆಳಿದ ಗುರ್ಜರ ಪ್ರತಿಹಾರ ದೊರೆ ಭೋಜನದು. ಇಡೀ ರಾಜವಂಶದ ಹೆಸರೇ ಬಾಗಿಲ ಕಾವಲುಗಾರ ಎಂದಾಗ ಕೇಳುವವರಿಗೆ ಸಮಾಧಾನ ಹೇಳಬೇಕಲ್ಲ. ಪ್ರಶಸ್ತಿ ಬರೆದ ಕವಿ ವಂಶವನ್ನು ರಾಮನ ತಮ್ಮ ಲಕ್ಷ್ಮಣನ ತನಕ ಒಯ್ಯುತ್ತಾನೆ. ಮೇಘನಾದನೊಡನೆ ಕಾದಿದ ಸೌಮಿತ್ರಿ ಹಗೆಗಳನ್ನು ಹಿಮ್ಮೆಟ್ಟಿಸಿದ್ದರಿಂದ, ಅಂದರೆ ಪ್ರತಿಹರಣ ಮಾಡಿದ್ದರಿಂದ, ಪ್ರತಿಹಾರನಾದ ಎಂದು ಬಿಡಿಸುತ್ತಾನೆ. ಜೋಧಪುರದ 837ರ ಶಾಸನದಲ್ಲಿ ಅದೇ ಕುಲದ ಇನ್ನೊಂದು ಶಾಖೆಯವನಾದ ಬಾಉಕ ಇಷ್ಟು ಸುತ್ತು ಹಾಕುವುದಿಲ್ಲ. ಲಕ್ಷ್ಮಣ ಅಣ್ಣನ ಬಾಗಿಲು ಕಾದ, ಅದಕ್ಕೇ ನಮಗೆ ಈ ಹೆಸರು, ಅಷ್ಟೆ. ನನಗೆ ಜೋಧಪುರದವನ ಮಾತೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಗ್ವಾಲಿಯರಿನ ಕವಿಗೆ ಬಾಗಿಲಲ್ಲಿ ನಿಂತದ್ದನ್ನು ಹೇಳಲು ನಾಚಿಕೆ. ಹೊರಗೆ ತಳ್ಳಿದ್ದನ್ನು ಹೇಳಲು ಹೆಮ್ಮೆ. ಆದರೆ ಅವನ ನಾಚಿಕೆಯಿಂದ ನಮಗೆ ಲಾಭವಾಯಿತು. ಬಾಗಿಲವನ ಹೆಸರಿನಲ್ಲಿ ಬಾಗಿಲೇ ಇಲ್ಲ, ತಳ್ಳುವ ಕೈ ಇದೆ ಎಂದು ಒಂಬತ್ತನೆಯ ಶತಮಾನದ ಕಿವಿಗೂ ಕೇಳಿಸುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ಬುನ್ಸೆನ್ ಎಂಬ ಗುದ್ದಿನಿಂದ ಹೊರಟ ಬೌನ್ಸರ್ ಮತ್ತು ಪ್ರತಿಹರಣದಿಂದ ಹೊರಟ ಪಡಿಯರ ಬಂಧುಗಳಲ್ಲ. ಕಸುಬು ಒಂದೇ ಆದ್ದರಿಂದ ಎರಡು ಜನ ಬೇರೆ ಬೇರೆಯಾಗಿ ಒಂದೇ ಕಡೆ ಕೈಯಿಟ್ಟರು.

ಈ ಹೆಮ್ಮೆಗೆ ಎದುರು ಮಾತೂ ಇದೆ, ಅದು ನಮ್ಮವರದು. ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟದಿಂದ ಆಳಿದ ಅಮೋಘವರ್ಷ 871ರಲ್ಲಿ ಹೊರಡಿಸಿದ ದಾನಶಾಸನದ ತಾಮ್ರಪಟಗಳು ದೂರದ ಸಂಜಾಣದಲ್ಲಿ ಸಿಕ್ಕಿವೆ. ಗುಜರಾತಿನ ಕರಾವಳಿಯ ಆ ಊರು ಪಾರಸಿಗಳು ಬಂದಿಳಿದ ಜಾಗವೆಂದು ಹೆಸರಾದದ್ದು. ನಾಡಿಗೆ ಬಂದ ಆಪತ್ತು ತಪ್ಪಲೆಂದು ಅಮೋಘವರ್ಷ ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಕತ್ತರಿಸಿ ಒಪ್ಪಿಸಿದ ಪ್ರಸಂಗ ಇರುವುದೂ ಇದೇ ಪಟಗಳಲ್ಲಿ. ವಂಶದ ಹಿರಿಯ ದಂತಿದುರ್ಗನನ್ನು ಹೊಗಳುವಾಗ ಶಾಸನ ಒಂದು ಚುಚ್ಚುಮಾತು ಆಡುತ್ತದೆ: ಅವನು ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ಎಂಬ ಮಹಾದಾನ ನಡೆಸಿದಾಗ ಗುರ್ಜರ ದೊರೆ ಮೊದಲಾದವರನ್ನು ಪ್ರತಿಹಾರರನ್ನಾಗಿ ಮಾಡಿ ನಿಲ್ಲಿಸಿದ. ಅವರು ಹೆಸರು ಇಟ್ಟುಕೊಂಡದ್ದಲ್ಲ, ನಾವು ಬಾಗಿಲಿಗೆ ನಿಲ್ಲಿಸಿದ್ದು ಎಂಬ ಧಾಟಿ. ಇದು ನಡೆದ ಸಂಗತಿಯೋ, ಹಗೆಯ ಹೆಸರಿನ ಮೇಲೆ ಆಡಿದ ಶ್ಲೇಷೆಯೋ ಎಂದು ವಿದ್ವಾಂಸರು ಬಹಳ ಕಾದಾಡಿದ್ದಾರೆ. ಕನೌಜಿಗಾಗಿ ಈ ಎರಡು ಮನೆತನಗಳು ತಲೆಮಾರುಗಟ್ಟಲೆ ಬಡಿದಾಡಿದ್ದನ್ನು ನೆನೆದರೆ ಶ್ಲೇಷೆಯ ಪಕ್ಷವೇ ನನಗೆ ಗಟ್ಟಿ ಎನಿಸುತ್ತದೆ. ಗೆದ್ದವನ ಕವಿಗೆ ಇಂಥ ಹೆಸರು ಸಿಕ್ಕರೆ ಬಿಡುತ್ತಾನೆಯೇ?

ಗ್ವಾಲಿಯರ್ ಪ್ರಶಸ್ತಿಯನ್ನು ಆರ್.ಸಿ. ಮಜುಂದಾರ್, ಸಂಜಾಣದ ಪಟಗಳನ್ನು ಡಿ.ಆರ್. ಭಂಡಾರ್ಕರ್ ಸಂಪಾದಿಸಿದರು. ಎರಡೂ ಅಚ್ಚಾದದ್ದು ಎಪಿಗ್ರಾಫಿಯ ಇಂಡಿಕಾದ ಹದಿನೆಂಟನೆಯ ಸಂಪುಟದಲ್ಲಿ. ಸಾವಿರ ವರ್ಷದ ಹಿಂದೆ ಒಬ್ಬರ ಮುಖ ಒಬ್ಬರು ನೋಡದ ಎರಡು ಮನೆತನಗಳ ಹೇಳಿಕೆಗಳು ಒಂದೇ ರಟ್ಟಿನೊಳಗೆ ಬಂದವು. ಪ್ರತಿಹಾರ ಎಂಬ ಮಾತಿನಲ್ಲಿ ಎಷ್ಟು ಗೌರವವಿತ್ತು, ಎಷ್ಟು ಅವಮಾನವಿತ್ತು ಎಂದು ಅಳೆಯಲು ಇಷ್ಟು ಒಳ್ಳೆಯ ಸಾಮಗ್ರಿ ಬೇರೆ ಯಾವ ಕಸುಬಿನ ಹೆಸರಿಗೂ ಸಿಕ್ಕಿರಲಾರದು.

ಹೊರಗೆ ಹಾಕಿಸಿಕೊಂಡವರ ಕಡೆಯಿಂದ ನೋಡಿದ ಕತೆ ಕೆಂಭಾವಿಗೇ ಸೇರಿದ್ದು. 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ ಬಸವಪುರಾಣದಲ್ಲಿ ಕೆಂಭಾವಿಯ ಭೋಗಯ್ಯ ಬರುತ್ತಾನೆ. ಅಂತ್ಯಜನ ವೇಷದಲ್ಲಿ ಬಂದ ಶಿವನನ್ನು ಮನೆಯೊಳಗೆ ಕರೆದು ಉಣಿಸಿದ್ದಕ್ಕೆ ಊರಿನ ಬ್ರಾಹ್ಮಣರು ಅರಸ ಚಂದಿಮರಸನಿಗೆ ದೂರು ಒಯ್ಯುತ್ತಾರೆ. ಊರು ಬಿಡು ಎಂದು ಅಪ್ಪಣೆಯಾಗುತ್ತದೆ. ಭೋಗಯ್ಯ ಹೊರಟರೆ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಉರುಳುತ್ತ ಅವನ ಹಿಂದೆ ಹೊರಡುತ್ತವೆ. ಅರಸ ಓಡಿಬಂದು ಕಾಲಿಗೆ ಬೀಳಬೇಕಾಗುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಳ್ಳಬೇಕು ಎಂದು ನಿರ್ಧರಿಸುವವನು ಬಾಗಿಲ ಆಳಲ್ಲ; ದ್ರುಪದನ ಕತೆಯಲ್ಲೂ ಹೀಗೆಯೇ. ಪಂಪನ ಪಡಿಯರ ಹೋಗಿ ಕೇಳಿದ, ಬಂದು ಹೇಳಿದ. ದ್ರೋಣನ ಸಿಟ್ಟು ಅವನ ಮೇಲೆ ತಿರುಗಲಿಲ್ಲ, ಅದು ದೊಡ್ಡದು.

ಪ್ರತಿಹಾರನ ವಂಶ ಅಳಿದಿಲ್ಲ. ಉತ್ತರದ ಪರಿಹಾರ, ಗುಜರಾತಿನ ಪಢಿಯಾರ್ ಅಡ್ಡಹೆಸರುಗಳಲ್ಲಿ ಅವನಿದ್ದಾನೆ. ಪುರಿಯ ಜಗನ್ನಾಥನ ಬಾಗಿಲು ಕಾಯುವ ಸೇವಕರು ಇಂದಿಗೂ ಪ್ರತಿಹಾರಿಗಳೇ. ರೋಮಿನ ಮನೆಗಳ ಬಾಗಿಲವ ‘ಓಸ್ಟಿಯಾರಿಯುಸ್’ ಫ್ರೆಂಚಿನ ಬಾಯಲ್ಲಿ ಸವೆದು ಇಂಗ್ಲಿಷಿನ ‘ಅಷರ್’ ಆಗಿ, ಕೊನೆಗೆ ಸಿನಿಮಾ ಮಂದಿರದಲ್ಲಿ ಬ್ಯಾಟರಿ ಹಿಡಿದು ಕುರ್ಚಿ ತೋರಿಸಿದ. ‘ಜಾನಿಟರ್’ ಕೂಡ ಲ್ಯಾಟಿನ್ನಿನ ಬಾಗಿಲಿನಿಂದಲೇ ಹೊರಟು ಅಮೆರಿಕದ ಶಾಲೆಗಳಲ್ಲಿ ಕಸ ಗುಡಿಸುತ್ತಿದ್ದಾನೆ. ಇವರ ಹೆಸರಿನಲ್ಲಿ ಬಾಗಿಲಿತ್ತು, ಬಾಗಿಲು ಬಿಟ್ಟು ಹೋದರು.

ಕೆಂಭಾವಿ ಕಡೆಯಿಂದ ಬೆಂಗಳೂರಿನ ಗೇಟಿಗೆ ನಿಲ್ಲಲು ಹೋಗುವ ಹುಡುಗನ ಹೆಸರಿನಲ್ಲಿ ಬಾಗಿಲಿಲ್ಲ, ಆದರೆ ನಿಲ್ಲುವುದು ಬಾಗಿಲಲ್ಲೇ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಲ್ಲಿ ಅವನ ಹೆಸರು ಭದ್ರತಾ ಸಿಬ್ಬಂದಿ. ವಯಸ್ಸು 18 ತುಂಬಿರಬೇಕು, 65 ದಾಟಿರಬಾರದು. ಕೇಂದ್ರದ 2006ರ ಮಾದರಿ ನಿಯಮಗಳು ಕನಿಷ್ಠ 100 ಗಂಟೆ ಕೋಣೆಯ ಪಾಠ, 60 ಗಂಟೆ ಬಯಲಿನ ತರಬೇತಿ ಕೇಳಿದ್ದವು. ಗಂಡಸಿಗೆ 160 ಸೆಂಟಿಮೀಟರ್ ಎತ್ತರವೂ ಬೇಕಿತ್ತು. ತಳ್ಳುವ ಕೈಯ ಜೊತೆಗೆ ಓದುವ ಕಣ್ಣೂ ಬೇಕೆಂದು ಪಾಠಗಳ ಪಟ್ಟಿಯಲ್ಲಿ ಇನ್ನೊಂದನ್ನು ಸೇರಿಸಿದ್ದರು: ಒಳಗೆ ಬರುವವರ ಗುರುತಿನ ಚೀಟಿಯಲ್ಲಿ ಕಾಣುವ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಓದಿ ತಿಳಿಯಲು ಬರಬೇಕು.